20 ಸಾವಿರದೊಳಗಿನ ಪುಟ್ಟ ಲ್ಯಾಪ್‌ಟಾಪ್ ಓದಿಗೆ ಸಾಕಾಗುತ್ತಾ?

ಪ್ರಶ್ನೆ: ಮಗಳು ಈ ವರ್ಷ ಬಿ.ಎ. ಸೇರಿದ್ದಾಳೆ. ಇಲ್ಲಿಯವರೆಗೆ ಎಲ್ಲವೂ ಮೊಬೈಲ್‌ನಲ್ಲೇ ನಡೆದಿತ್ತು. ಈಗ ಅಸೈನ್‌ಮೆಂಟ್ ಟೈಪ್ ಮಾಡಿ ಕೊಡಬೇಕಂತೆ. ನಮ್ಮ ಕೈಗೆಟಕುವುದು 20,000 ರೂಪಾಯಿಯೊಳಗಿನ ಸಣ್ಣ ಲ್ಯಾಪ್‌ಟಾಪ್ ಮಾತ್ರ. ತಗೊಂಡರೆ ದುಡ್ಡು ದಂಡ ಆಗಲ್ಲ ತಾನೇ?

ದಂಡ ಆಗುವುದಿಲ್ಲ, ಸರಿಯಾದದ್ದನ್ನು ಆರಿಸಿಕೊಂಡರೆ. ಇದೇ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಹಾಗಾಗಿ ಮೂರು ವಾರದಿಂದ ನನ್ನ ಬರವಣಿಗೆಯನ್ನೆಲ್ಲ 11.6 ಇಂಚಿನ ಒಂದು ಕ್ರೋಮ್‌ಬುಕ್‌ನಲ್ಲೇ ಮಾಡುತ್ತಿದ್ದೇನೆ. ಕ್ರೋಮ್‌ಬುಕ್ ಅಂದರೆ ವಿಂಡೋಸ್ ಬದಲು ಗೂಗಲ್‌ನ ಹಗುರವಾದ ಕ್ರೋಮ್ಓಎಸ್ ವ್ಯವಸ್ಥೆ ಇರುವ ಲ್ಯಾಪ್‌ಟಾಪ್. ನನ್ನದು ಸೆಲೆರಾನ್ ಎಂಬ ಸಾಧಾರಣ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್ ಇರುವಂಥದ್ದು.

ಮೊದಲ ದಿನವೇ ಮನಸ್ಸಿಗೆ ಹಿಡಿಸಿದ್ದು ಅದರ ಮೌನ. ಒಳಗೆ ಫ್ಯಾನ್ ಇಲ್ಲ, ಸದ್ದಿಲ್ಲ. ಮುಚ್ಚಳ ತೆರೆದು ಚಹಾದ ಲೋಟ ಪಕ್ಕಕ್ಕಿಡುವಷ್ಟರಲ್ಲಿ ಕೆಲಸಕ್ಕೆ ಸಿದ್ಧವಾಗಿರುತ್ತದೆ. ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆದರೂ ಭಾರ ಅನ್ನಿಸಲಿಲ್ಲ. ಕೀಬೋರ್ಡಿಗೆ ಮಾತ್ರ ಎರಡು ದಿನ ಕೊಡಬೇಕು. ಕ್ಯಾಪ್ಸ್ ಲಾಕ್ ಇರಬೇಕಾದ ಜಾಗದಲ್ಲಿ ಸರ್ಚ್ ಕೀ ಇದೆ, ಡಿಲೀಟ್ ಕೀ ಇಲ್ಲವೇ ಇಲ್ಲ. ಸರ್ಚ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿದರೆ ಡಿಲೀಟ್ ಆಗುತ್ತದೆ. ರೈಟ್ ಕ್ಲಿಕ್ ಬೇಕಿದ್ದರೆ ಟಚ್‌ಪ್ಯಾಡ್ ಮೇಲೆ ಎರಡು ಬೆರಳಿಂದ ತಟ್ಟಬೇಕು.

ನಿಮ್ಮ ಮಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕನ್ನಡ ಟೈಪಿಂಗ್ ಇರಬಹುದು. ಸೆಟ್ಟಿಂಗ್ಸ್‌ನ ಇನ್‌ಪುಟ್ಸ್ ಭಾಗದಲ್ಲಿ ಕನ್ನಡ ಸೇರಿಸಿದರೆ, ಮೊಬೈಲ್‌ನಲ್ಲಿ ಮಾಡುವ ಹಾಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಬಹುದು. ಕಂಟ್ರೋಲ್ ಜತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್, ಮತ್ತೆ ಒತ್ತಿದರೆ ಕನ್ನಡ. ಆದರೆ ನಾವೆಲ್ಲ ವಿಂಡೋಸ್‌ನಲ್ಲಿ ಬಳಸಿದ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳು ಇದರಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ಮೇಷ್ಟ್ರು ನುಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದ ವರ್ಡ್ ಫೈಲ್ ಕಳಿಸಿದರೆ, ಕನ್ನಡದ ಬದಲು ಅರ್ಥವಿಲ್ಲದ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಗಾಬರಿ ಬೇಡ, ಫೈಲ್ ಕೆಟ್ಟಿರುವುದಿಲ್ಲ. ಆನ್‌ಲೈನ್ ಕನ್ವರ್ಟರ್‌ನಲ್ಲಿ ಹಾಕಿ, ಎಲ್ಲ ಕಡೆ ಓದಬಹುದಾದ ಯೂನಿಕೋಡ್‌ಗೆ ಬದಲಿಸಿಕೊಳ್ಳಬಹುದು. ಅದೇ ನೋಟ್ಸ್ ಪಿಡಿಎಫ್ ಆಗಿ ಬಂದರೆ ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ.

ನೆಟ್ ಇಲ್ಲದಿದ್ದರೆ ಇದು ಸುಮ್ನೆ ಡಬ್ಬ ಅನ್ನುವ ಮಾತು ಪೂರ್ತಿ ನಿಜವಲ್ಲ. ಗೂಗಲ್ ಡಾಕ್ಸ್‌ನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಆನ್ ಮಾಡಿಟ್ಟಿರಬೇಕು, ಅಷ್ಟೇ. ಒಂದು ಸಂಜೆ ಮಳೆಗೆ ಕರೆಂಟು, ನೆಟ್ ಎರಡೂ ಹೋದವು. ಬ್ಯಾಟರಿ ಮೇಲೆ ಎರಡು ತಾಸು ನೆಮ್ಮದಿಯಾಗಿ ಬರೆದೆ. ನೆಟ್ ಬಂದ ಮೇಲೆ ಅದು ತಾನಾಗಿ ಸೇವ್ ಆಯಿತು.

ಇದೇ ಬೆಲೆಗೆ ವಿಂಡೋಸ್ ಇರುವ ಲ್ಯಾಪ್‌ಟಾಪೇ ಸಿಗುತ್ತದಲ್ವಾ ಅಂತ ಅಂಗಡಿಯವರು ಹೇಳಬಹುದು. ಸಿಗುತ್ತದೆ, ನಿಜ. ಆದರೆ ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದೇ 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್. ಕನಿಷ್ಠ ಅಂದರೆ ಓಡುತ್ತದೆ ಅಂತ ಅರ್ಥ, ಚೆನ್ನಾಗಿ ಓಡುತ್ತದೆ ಅಂತ ಅಲ್ಲ. ಕಡಿಮೆ ಬೆಲೆಯವುಗಳಲ್ಲಿ ಹೆಚ್ಚಾಗಿ ಇರುವುದು ಇಎಂಎಂಸಿ ಸ್ಟೋರೇಜ್. ಅದು ಎಸ್‌ಎಸ್‌ಡಿ ಎಂಬ ವೇಗದ ಸ್ಟೋರೇಜ್‌ಗಿಂತ ನಿಧಾನ. ಜತೆಗೆ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ರ್‍ಯಾಮನ್ನೂ ಹಾಗೇ ಬೆಸೆದಿರುವುದು ಸಾಮಾನ್ಯ. ಮುಂದೆ ಹೆಚ್ಚಿಸಿಕೊಳ್ಳುತ್ತೇನೆ ಅನ್ನುವ ಹಾಗಿಲ್ಲ. ಇದು ಹಳೆಯ ಪಾಠ. 2007ರಲ್ಲಿ ಏಸಸ್ (Asus) ಕಂಪನಿ ‘ಈ ಪಿಸಿ 701’ (Eee PC 701) ಎಂಬ 7 ಇಂಚಿನ ಪುಟ್ಟ ಲ್ಯಾಪ್‌ಟಾಪ್ ತಂದಾಗ ಅದರಲ್ಲಿದ್ದದ್ದು ವಿಂಡೋಸ್ ಬದಲು ಲಿನಕ್ಸ್ ಎಂಬ ಹಗುರವಾದ ವ್ಯವಸ್ಥೆ, 4 ಜಿಬಿ ಜಾಗ. ಆ ಸಣ್ಣ ಮಷಿನ್ ಅಷ್ಟರಲ್ಲೇ ಇಮೇಲ್, ಬರವಣಿಗೆ, ಬ್ರೌಸಿಂಗ್ ನಿಭಾಯಿಸುತ್ತಿತ್ತು. ಸಣ್ಣ ಯಂತ್ರಕ್ಕೆ ಹಗುರವಾದ ವ್ಯವಸ್ಥೆ ಇದ್ದರೇ ಚೆಂದ.

ಹಾಗಂತ ಎಲ್ಲರಿಗೂ ಕ್ರೋಮ್‌ಬುಕ್ ಹೇಳಲಾರೆ. ಬಿ.ಕಾಂ. ಮಕ್ಕಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬೇಕು, ಅದಕ್ಕೆ ವಿಂಡೋಸೇ ಬೇಕು. ಎಂಜಿನಿಯರಿಂಗ್ ಡ್ರಾಯಿಂಗ್ ಮಾಡುವವರಿಗೂ ಇದು ಸಾಲದು. ಅಂಥವರು ಹೊಸ ಪುಟ್ಟ ಲ್ಯಾಪ್‌ಟಾಪಿಗಿಂತ, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರುವ ಒಳ್ಳೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುವುದು ಮೇಲು. ನಿಮ್ಮ ಮಗಳ ಕಾಲೇಜಿನಲ್ಲೂ ಯಾವುದಾದರೂ ನಿರ್ದಿಷ್ಟ ಸಾಫ್ಟ್‌ವೇರ್ ಕೇಳುತ್ತಾರಾ ಅಂತ ಮೊದಲೇ ವಿಚಾರಿಸಿ.

ಕ್ರೋಮ್‌ಬುಕ್ಕೇ ಆದರೆ, ಒಂದು ವಿಷಯ ದಯವಿಟ್ಟು ಮರೆಯಬೇಡಿ. ಪ್ರತಿ ಮಾಡೆಲ್‌ಗೂ ಅಪ್‌ಡೇಟ್ ನಿಲ್ಲುವ ದಿನಾಂಕ ಇರುತ್ತದೆ. 2021ರಿಂದೀಚೆಗೆ ಬಂದ ಮಾಡೆಲ್‌ಗಳಿಗೆ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿದೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ. ಹಳೆಯ ಸ್ಟಾಕ್ ಅಗ್ಗಕ್ಕೆ ಸಿಕ್ಕರೆ ಅದರ ಆಯಸ್ಸು ಆಗಲೇ ಒಂದಷ್ಟು ಕಳೆದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಕ್ರೋಮ್ಓಎಸ್ ತೆರೆದು, ಹೆಚ್ಚಿನ ವಿವರದ ಪುಟದಲ್ಲಿ ಆ ದಿನಾಂಕ ನೋಡಿಯೇ ದುಡ್ಡು ಕೊಡಿ.

ಈ ಬೆಲೆಯಲ್ಲಿ ಸೋಲುವುದು ಹೆಚ್ಚಾಗಿ ಪರದೆ. ನಾನು ಬಳಸುತ್ತಿರುವುದರಲ್ಲಿ ನೇರ ನೋಡಿದರೆ ಸರಿ, ಸ್ವಲ್ಪ ಓರೆಯಾದರೆ ಬಣ್ಣ ಮಂಕಾಗುತ್ತದೆ. ಅಕ್ಷರ ಸಣ್ಣದಾದರೆ ಕನ್ನಡದ ಒತ್ತಕ್ಷರಗಳು ಕಣ್ಣಿಗೆ ಕಷ್ಟ ಕೊಡುತ್ತವೆ. ಅದಕ್ಕೇ ಮಗಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಅವಳ ಪಠ್ಯದ ಒಂದು ಪಿಡಿಎಫ್ ತೆರೆದು ಎರಡು ಪುಟ ಓದಲಿ. ಆಮೇಲೆ ಕುಳಿತು ಒಂದು ಪ್ಯಾರಾ ಕನ್ನಡದಲ್ಲಿ ಟೈಪ್ ಮಾಡಲಿ. ಅವಳ ಕೈಗೂ ಕಣ್ಣಿಗೂ ಒಗ್ಗಿದ್ದನ್ನೇ ತಗೊಳ್ಳಿ.