ರೋಬೋಟ್ ತೋಳಿನ ವಿಕಿರಣ ಚಿಕಿತ್ಸೆ: ಅಲುಗದ ತಲೆಯಿಂದ ಉಸಿರಾಡುವ ಎದೆಯವರೆಗೆ

ಗಡ್ಡೆಗೆ ರೋಬೋಟ್ ಯಂತ್ರದಿಂದ ವಿಕಿರಣ ಕೊಡಬಹುದು ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರ ಪ್ರಶ್ನೆಗಳು ಶುರುವಾಗುತ್ತವೆ. ಕೊಯ್ಯುತ್ತಾರೆಯೇ? ಪ್ರಜ್ಞೆ ತಪ್ಪಿಸುತ್ತಾರೆಯೇ? ‘ಕರೆಂಟು ಕೊಡುವಾಗ’ ನೋವಾಗುತ್ತದೆಯೇ? ಕೊಯ್ಯುವುದಿಲ್ಲ, ಸಾಮಾನ್ಯವಾಗಿ ಪ್ರಜ್ಞೆಯನ್ನೂ ತಪ್ಪಿಸುವುದಿಲ್ಲ. ವಿಕಿರಣ ಮೈಯೊಳಗೆ ಹಾಯುವಾಗ ಏನೂ ತಿಳಿಯುವುದಿಲ್ಲ. ಬಹುತೇಕ ರೋಗಿಗಳು ಅದೇ ದಿನ ಮನೆಗೆ ಹೋಗುತ್ತಾರೆ. ಆದರೆ ಮುಖಕ್ಕೆ ಬಲೆಯಂಥ ಮುಖವಾಡ ಏಕೆ, ಶ್ವಾಸಕೋಶದ ಗಡ್ಡೆಯೊಳಗೆ ಚಿನ್ನದ ಚೂರು ಏಕೆ, ಒಮ್ಮೆ ಸ್ಕ್ಯಾನ್ ಮಾಡಿದ ಮೇಲೂ ವಾರಗಟ್ಟಲೆ ಕಾಯುವುದೇಕೆ ಎಂಬುದಕ್ಕೆ ಯಾರೂ ಬಿಡಿಸಿ ಉತ್ತರ ಹೇಳುವುದಿಲ್ಲ. ಈ ಒಂದೊಂದು ಕ್ರಮದ ಹಿಂದೆಯೂ ಎಪ್ಪತ್ತು ವರ್ಷಗಳಿಂದ ವೈದ್ಯರನ್ನು ಕಾಡಿದ ಒಂದೇ ಪ್ರಶ್ನೆಯಿದೆ: ವಿಕಿರಣ ಬೀಳುವ ಆ ಗಳಿಗೆಯಲ್ಲಿ ಗಡ್ಡೆ ನಿಜವಾಗಿ ಎಲ್ಲಿದೆ?

1920ರ ದಶಕದಲ್ಲಿ ಪ್ಯಾರಿಸ್‌ನ ಕ್ಲೋಡಿಯಸ್ ರೆಗೋ ಮತ್ತು ಹೆನ್ರಿ ಕುಟಾರ್ ವಿಕಿರಣವನ್ನು ಸಣ್ಣ ಸಣ್ಣ ಪಾಲುಗಳಾಗಿ ಹಲವು ದಿನ ಕೊಡುವ ಪದ್ಧತಿಗೆ ಬುನಾದಿ ಹಾಕಿದರು. ಪಾಲಿನಿಂದ ಪಾಲಿಗೆ ಸಿಗುವ ಬಿಡುವಿನಲ್ಲಿ ಆರೋಗ್ಯವಂತ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ಶಕ್ತಿ ಕಡಿಮೆ. ವಾರಕ್ಕೆ ಐದು ದಿನದಂತೆ ಐದಾರು ವಾರ ಆಸ್ಪತ್ರೆಗೆ ಅಲೆಯುವ ಇಂದಿನ ರೂಢಿ ಅಲ್ಲಿಂದ ಬಂದದ್ದು. ಇಂದಿಗೂ ಅನೇಕ ಕ್ಯಾನ್ಸರ್‌ಗಳಿಗೆ ಅದೇ ಸರಿಯಾದ ದಾರಿ.

ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿ ಬೇರೆಯೇ ದಾರಿ ಸೂಚಿಸಿದರು. ಆರೋಗ್ಯವಂತ ಭಾಗ ಚೇತರಿಸಿಕೊಳ್ಳಲಿ ಎಂದು ಕಾಯುವ ಬದಲು, ಅದಕ್ಕೆ ಹೆಚ್ಚು ವಿಕಿರಣ ತಾಗದಂತೆಯೇ ನೋಡಿಕೊಂಡರೆ? ತೆಳುವಾದ ಹಲವು ಕಿರಣಗಳನ್ನು ಬೇರೆ ಬೇರೆ ದಿಕ್ಕುಗಳಿಂದ ಬಿಟ್ಟರೆ ಒಂದೊಂದು ಕಿರಣವೂ ತಾನು ಹಾದುಹೋಗುವ ಜಾಗಕ್ಕೆ ಮಾಡುವ ಹಾನಿ ಅತ್ಯಲ್ಪ. ಎಲ್ಲವೂ ಕೂಡುವ ಬಿಂದುವಿನಲ್ಲಿ ಮಾತ್ರ ಗಡ್ಡೆಯನ್ನು ಸಾಯಿಸುವಷ್ಟು ಬಲ. ಈ ಲೆಕ್ಕದ ಮೇಲೆ ವಿಕಿರಣ ಸೂಸುವ ಕೋಬಾಲ್ಟ್-60 ಲೋಹ ಬಳಸುವ ಮೊದಲ ಗಾಮಾ ನೈಫ್ ಯಂತ್ರ 1968ರಲ್ಲಿ ಸಿದ್ಧವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಗಾಮಾ ನೈಫ್ ಇದೇ ವಂಶದ್ದು.

ಆದರೆ ಕಿರಣಗಳು ಕೂಡುವ ಬಿಂದು ಒಂದೆರಡು ಮಿಲಿಮೀಟರ್ ಸರಿದರೂ ಗಡ್ಡೆ ಉಳಿದು ಪಕ್ಕದ ನರ ಸುಡಬಹುದು. ಅದಕ್ಕಾಗಿ ಲೋಹದ ಚೌಕಟ್ಟನ್ನು ತಲೆಬುರುಡೆಗೆ ತಿರುಪುಗಳಿಂದ ಬಿಗಿಯುತ್ತಿದ್ದರು. ಚರ್ಮಕ್ಕೆ ಅರಿವಳಿಕೆ ಕೊಟ್ಟರೂ ರೋಗಿಗೆ ಅದು ಸುಲಭದ ಅನುಭವವಲ್ಲ. ಚೌಕಟ್ಟನ್ನು ದಿನಗಟ್ಟಲೆ ಬಿಡಲಾಗದ ಕಾರಣ ಚಿಕಿತ್ಸೆ ಒಂದೇ ದಿನದಲ್ಲಿ ಮುಗಿಯಬೇಕಿತ್ತು. ದೃಷ್ಟಿನರಕ್ಕೆ ಅಂಟಿಕೊಂಡ ಗಡ್ಡೆಗೆ ಮೂರು ದಿನ ಹಂಚಿ ಕೊಡುವುದು ಕ್ಷೇಮವೆನಿಸಿದರೂ ದಾರಿ ಇರಲಿಲ್ಲ. ಎದೆಗೂ ಹೊಟ್ಟೆಗೂ ತಿರುಪು ಹಾಕುವಂತಿಲ್ಲವಲ್ಲ, ಹಾಗಾಗಿ ಆ ನಿಖರತೆಯೆಲ್ಲ ತಲೆಗಷ್ಟೇ ಮೀಸಲಾಗಿತ್ತು.

1985ರಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ಲೆಕ್ಸೆಲ್ ಅವರ ಬಳಿ ಕಲಿತ ಅಮೆರಿಕದ ನರಶಸ್ತ್ರವೈದ್ಯ ಜಾನ್ ಆ್ಯಡ್ಲರ್, ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ಈ ಕಟ್ಟನ್ನು ಬಿಚ್ಚಲು ಹೊರಟರು. ಇಡೀ ವಿದ್ಯೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅವರು ಪ್ರಶ್ನೆಯನ್ನೇ ತಿರುಗಿಸಿದ ಬಗೆ. ರೋಗಿಯನ್ನು ಯಂತ್ರಕ್ಕೆ ಬಿಗಿಯುವುದೇಕೆ, ಯಂತ್ರವೇ ರೋಗಿಯನ್ನು ಹಿಂಬಾಲಿಸಲಿ. ವಿಕಿರಣ ಹೊಮ್ಮಿಸುವ ಚಿಕ್ಕ ಲೀನಿಯರ್ ಆಕ್ಸಿಲರೇಟರನ್ನು ಕಾರ್ಖಾನೆಗಳಲ್ಲಿ ದುಡಿಯುವಂಥ ರೋಬೋಟ್ ತೋಳಿಗೆ ಜೋಡಿಸಿದರು. ಚಿಕಿತ್ಸೆ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ಎಕ್ಸ್‌ರೇ ತೆಗೆದು, ಅದನ್ನು ಮೊದಲೇ ತೆಗೆದ ಸಿಟಿ ಸ್ಕ್ಯಾನ್‌ನೊಂದಿಗೆ ಕಂಪ್ಯೂಟರ್ ಹೋಲಿಸುತ್ತದೆ. ವ್ಯತ್ಯಾಸ ಕಂಡಷ್ಟು ತೋಳು ಸರಿಯುತ್ತದೆ. ಸೈಬರ್‌ನೈಫ್ ಎಂದು ಹೆಸರಾದ ಈ ಯಂತ್ರದಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆದದ್ದು 1994ರಲ್ಲಿ. ಮೈಯ ಯಾವುದೇ ಭಾಗದ ಗಡ್ಡೆಗೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲಿ ಅನುಮತಿ ಕೊಟ್ಟಿತು.

ಉಳಿದದ್ದು ಉಸಿರಾಟದ ತೊಡಕು. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯ ಹತ್ತಿರದ ಶ್ವಾಸಕೋಶದ ಗಡ್ಡೆ ಒಂದೊಂದು ಉಸಿರಿಗೂ ಸೆಂಟಿಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮೇಲೆ ಕೆಳಗೆ ಹೋಗಿಬರುತ್ತದೆ. 1990ರ ದಶಕದಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ವೈದ್ಯ ಬ್ಲೊಮ್‌ಗ್ರೆನ್ ಮತ್ತು ಭೌತವಿಜ್ಞಾನಿ ಲಾಕ್ಸ್ ರೋಗಿಯನ್ನು ಮೈಯಳತೆಯ ಚೌಕಟ್ಟಿನಲ್ಲಿ ಮಲಗಿಸಿ, ಹೊಟ್ಟೆಯನ್ನು ಒತ್ತಿಹಿಡಿದು ಉಸಿರಿನ ಏರಿಳಿತ ತಗ್ಗಿಸಿದ್ದರು. ರೋಬೋಟ್ ಯಂತ್ರದವರು ಉಸಿರನ್ನು ಅದರ ಪಾಡಿಗೆ ಬಿಟ್ಟರು. ರೋಗಿಗೆ ತೊಡಿಸಿದ ಅಂಗಿಯ ಮೇಲಿನ ಪುಟ್ಟ ದೀಪಗಳನ್ನು ಕ್ಯಾಮೆರಾ ಬಿಡದೆ ನೋಡುತ್ತದೆ, ಒಳಗಿನ ಗಡ್ಡೆಯನ್ನು ಎಕ್ಸ್‌ರೇ ಆಗಾಗ ತೋರಿಸುತ್ತದೆ. ಎದೆ ಇಷ್ಟು ಏರಿದರೆ ಗಡ್ಡೆ ಎಲ್ಲಿರುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ತೋಳನ್ನು ಉಸಿರಿನ ಲಯಕ್ಕೆ ಆಡಿಸುತ್ತದೆ. ಆದ್ದರಿಂದಲೇ ಇಲ್ಲಿ ರೋಗಿಗೆ ಸಿಗುವ ಮುಖ್ಯ ಸೂಚನೆ, ಸಹಜವಾಗಿ ಉಸಿರಾಡಿ ಎಂಬುದು.

ಈಗ ಚಿನ್ನದ ಚೂರುಗಳ ಮಾತು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ತಲೆ, ಬೆನ್ನುಮೂಳೆಯ ಗಡ್ಡೆಗಳಿಗೆ ಮೂಳೆಯೇ ಗುರುತು. ಯಕೃತ್ತು, ಪ್ರಾಸ್ಟೇಟ್‌ನಂಥ ಮೆತ್ತನೆಯ ಭಾಗಗಳಲ್ಲಿ ಗಡ್ಡೆಯ ಅಂಚು ಎಕ್ಸ್‌ರೇಗೆ ಸಿಗುವುದಿಲ್ಲ. ಶ್ವಾಸಕೋಶದ ಗಡ್ಡೆಗಳಲ್ಲೂ ಕೆಲವು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಅಂಥಲ್ಲಿ ಅಕ್ಕಿಕಾಳಿಗಿಂತ ದಪ್ಪವಿರದ ಮೂರು ನಾಲ್ಕು ಚಿನ್ನದ ಚೂರುಗಳನ್ನು ಸೂಜಿಯ ಮೂಲಕ ಗಡ್ಡೆಯೊಳಗೋ ಪಕ್ಕದಲ್ಲೋ ಇಡುತ್ತಾರೆ. ಇಡೀ ಚಿಕಿತ್ಸೆಯಲ್ಲಿ ಮೈಗೆ ಚುಚ್ಚುವ ಪ್ರಮುಖ ಹಂತ ಇದೇ. ಎದೆಗೆ ಸೂಜಿ ಹಾಕಿದಾಗ ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯವಿರುವುದರಿಂದ ಕೆಲವು ಗಂಟೆ ನಿಗಾದಲ್ಲಿ ಇರಿಸಿಕೊಳ್ಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಲೇಬೇಕು. ಚೂರುಗಳು ಜಾಗದಲ್ಲಿ ನೆಲೆಯೂರಲು ಸುಮಾರು ಒಂದು ವಾರ ಬಿಟ್ಟು ಯೋಜನೆಯ ಸ್ಕ್ಯಾನ್ ಮಾಡುತ್ತಾರೆ. ತಲೆಯ ಗಡ್ಡೆಯಾದರೆ ಬಿಸಿ ನೀರಿನಲ್ಲಿ ಮೆದುವಾದ ಪ್ಲಾಸ್ಟಿಕ್ ಬಲೆಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಉಸಿರಾಟಕ್ಕೆ ಅಡ್ಡಿಯಿಲ್ಲ, ಆದರೂ ಇಕ್ಕಟ್ಟಿನ ಭಯ ಇರುವವರು ಸಂಕೋಚಪಡದೆ ಹೇಳಬೇಕು. ಮನಸ್ಸು ಸಡಿಲಿಸುವ ಮಾತ್ರೆ ಕೊಡಲು ಬರುತ್ತದೆ.

ಸ್ಕ್ಯಾನ್ ಮುಗಿದ ಮೇಲಿನ ಕಾಯುವಿಕೆ ಮನೆಯವರಿಗೆ ಸಂಕಟದ್ದು. ಆ ದಿನಗಳಲ್ಲಿ ವೈದ್ಯರು ಸ್ಕ್ಯಾನ್‌ನ ಪದರ ಪದರದಲ್ಲೂ ಗಡ್ಡೆಯ ಗಡಿಯನ್ನು, ಉಳಿಸಬೇಕಾದ ಅಂಗಗಳ ಗಡಿಯನ್ನು ಎಳೆಯುತ್ತಾರೆ. ವೈದ್ಯಕೀಯ ಭೌತವಿಜ್ಞಾನಿ ಯಾವ ದಿಕ್ಕಿನಿಂದ ಎಷ್ಟು ವಿಕಿರಣ ಎಂದು ನಿರ್ಧರಿಸಿ, ಯಂತ್ರ ಹಾಗೆಯೇ ನಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ರೋಗಿ ಬಹುಶಃ ಈ ಭೌತವಿಜ್ಞಾನಿಯ ಮುಖವನ್ನೇ ನೋಡಿರುವುದಿಲ್ಲ. ಆದರೆ ಚಿಕಿತ್ಸೆಯ ಗುಣಮಟ್ಟ ನಿಂತಿರುವುದು ಇವರ ಮೇಲೆ. ಹೊಸ ಯಂತ್ರದ ಜಾಹೀರಾತು ನೋಡಿ ಊರಿಂದೂರಿಗೆ ಓಡುವವರಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ. ಒಳ್ಳೆಯ ತಂಡವಿದ್ದರೆ ಸಾಮಾನ್ಯ ಲೀನಿಯರ್ ಆಕ್ಸಿಲರೇಟರಿನಿಂದಲೂ ಇಂಥ ನಿಖರ ಚಿಕಿತ್ಸೆ ಕೊಡಬಹುದು, ಕೊಡುತ್ತಿದ್ದಾರೆ.

ಚಿಕಿತ್ಸೆಯ ದಿನ ಮಂಚದ ಮೇಲೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಲಗಬೇಕು. ತೋಳು ಸುತ್ತ ಚಲಿಸಿ, ನಿಂತು, ವಿಕಿರಣ ಕೊಟ್ಟು ಮುಂದೆ ಸಾಗುತ್ತದೆ. ಹತ್ತಿರ ಬಂದರೂ ಮೈಗೆ ತಾಗುವುದಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ, ಆದರೆ ಹೊರಗಿರುವ ಸಿಬ್ಬಂದಿ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮಾತೂ ಕೇಳಿಸುತ್ತದೆ. ಕೆಮ್ಮು ಬಂದರೆ ಹೇಳಿ ನಿಲ್ಲಿಸಬಹುದು. ಹೆಚ್ಚಾಗಿ ಒಂದರಿಂದ ಐದು ಸಲದಲ್ಲಿ ಮುಗಿಯುತ್ತದೆ. ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಯ ಮಗುವನ್ನು ಅಂದೇ ಎತ್ತಿಕೊಳ್ಳಬಹುದು.

ಎಲ್ಲ ಕ್ಯಾನ್ಸರ್‌ಗೂ ಇದು ಮದ್ದಲ್ಲ. ಗಡ್ಡೆ ಚಿಕ್ಕದಿರಬೇಕು, ಅಂಚು ಸ್ಪಷ್ಟವಿರಬೇಕು. ಮೈತುಂಬ ಹರಡಿದ ರೋಗವನ್ನು ಇದೊಂದರಿಂದಲೇ ಗುಣಪಡಿಸಲಾಗದು. ಚಿಕಿತ್ಸೆಯ ನಂತರ ಕೆಲವು ದಿನ ಸುಸ್ತು, ಮಿದುಳಿಗಾದರೆ ತಲೆನೋವು, ಪ್ರಾಸ್ಟೇಟ್‌ಗಾದರೆ ಉರಿಮೂತ್ರ ಕಾಡಬಹುದು. ಮಿದುಳಿನಲ್ಲಿ ತಿಂಗಳುಗಳ ಮೇಲೂ ಊತ ಬರುವ ಸಾಧ್ಯತೆಯಿದೆ. ಹಾಗಾಗಿ ಹೊಸದಾಗಿ ವಾಂತಿ, ಅಪಸ್ಮಾರ, ಕೈಕಾಲಿನಲ್ಲಿ ಬಲಹೀನತೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಗಡ್ಡೆಯೂ ಕೂಡಲೇ ಮಾಯವಾಗುವುದಿಲ್ಲ. ಮೊದಲ ಸ್ಕ್ಯಾನ್‌ನಲ್ಲಿ ಅದು ಸ್ವಲ್ಪ ದಪ್ಪವಾಗಿ ಕಂಡರೂ ಕಾಯಿಲೆ ಮರುಕಳಿಸಿತೆಂದೇ ಅರ್ಥವಲ್ಲ. ಶ್ರವಣನರದ ಗಡ್ಡೆಯಂಥ ಕಡೆ ಬೆಳವಣಿಗೆ ನಿಲ್ಲುವುದೇ ಗೆಲುವು. ಈ ತೀರ್ಮಾನಕ್ಕೆ ಹಿಂದಿನ ಚಿತ್ರಗಳು ಬೇಕೇ ಬೇಕು. ಆದ್ದರಿಂದ ಸ್ಕ್ಯಾನ್‌ಗಳ ಸಿಡಿಗಳನ್ನೂ ಎಷ್ಟು ವಿಕಿರಣ ಕೊಟ್ಟರೆಂಬ ವಿವರದ ಪತ್ರವನ್ನೂ ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನ ಮಾಡಬೇಕು. ಮುಂದೆ ಅದೇ ಭಾಗಕ್ಕೆ ಮತ್ತೆ ವಿಕಿರಣ ಬೇಕಾದರೆ ಹೊಸ ವೈದ್ಯರು ಮೊದಲು ಕೇಳುವುದು ಆ ಪತ್ರವನ್ನೇ.