ದಾಸ್ತಾನು ಹೆಚ್ಚಿದ್ದರೂ ಅನುಮಾನವೇಕೆ? ನ್ಯಾಯಬೆಲೆ ಅಂಗಡಿ ತಪಾಸಣೆಯ ಅಧ್ಯಯನ ಟಿಪ್ಪಣಿ

ಪಡಿತರ ವಿತರಣೆಯಲ್ಲಿ ನಡೆಯುವ ಮೋಸವನ್ನು ಪತ್ತೆ ಹಚ್ಚುವ ಅಧ್ಯಾಯವನ್ನು ಓದುವಾಗ, ಒಂದೇ ಬಗೆಯ ಲೆಕ್ಕದಲ್ಲಿ ನಾನು ಎರಡು ಬಾರಿ ಎಡವಿದೆ. ಅಂಗಡಿಯಲ್ಲಿರುವ ಅಕ್ಕಿ ಪುಸ್ತಕದ ಶಿಲ್ಕಿಗಿಂತ (ಲೆಕ್ಕದ ಪ್ರಕಾರ ಉಳಿದಿರಬೇಕಾದ ದಾಸ್ತಾನಿಗಿಂತ) ಕಡಿಮೆ ಬಂದರೆ ಕಾಳಸಂತೆಗೆ ಹೋಗಿದೆ ಎಂದು ಬರೆಯುವುದು ಸುಲಭವಾಗಿತ್ತು; ಹೆಚ್ಚು ಬಂದಾಗ ಮಾತ್ರ 'ಸರ್ಕಾರಕ್ಕೆ ನಷ್ಟವಿಲ್ಲ, ಕ್ರಮ ಬೇಕಿಲ್ಲ' ಎಂದು ಬರೆದು ಅಂಕ ಕಳೆದುಕೊಂಡೆ. ಆ ತಪ್ಪು ಇನ್ನೂ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಮೊದಲು ಮೋಸದ ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಅರ್ಹತೆ ಇಲ್ಲದವರು ಸುಳ್ಳು ಮಾಹಿತಿ ಕೊಟ್ಟು ಬಿಪಿಎಲ್ ಚೀಟಿ ಪಡೆಯುವುದು ಅರ್ಹತೆಯ ಮೋಸ. ತೀರಿಕೊಂಡವರ ಹೆಸರಿನಲ್ಲಿ ಅಥವಾ ಇಲ್ಲದ ವ್ಯಕ್ತಿಯ ಹೆಸರಿನಲ್ಲಿ ಪಡಿತರ ಎತ್ತುವುದು ಗುರುತಿನ ಮೋಸ. ಅರ್ಹರೇ ಬಂದು, ಅವರೇ ಬೆರಳಚ್ಚು ಕೊಟ್ಟು, ಕೈಗೆ ಮಾತ್ರ ಕಡಿಮೆ ಅಕ್ಕಿ ಸಿಗುವುದು ಪ್ರಮಾಣದ ಮೋಸ. ಬೆರಳಚ್ಚಿನ ಯಂತ್ರ ಬಂದ ಮೇಲೆ ಸೋರಿಕೆ ನಿಂತಿತೆಂದು ಬರೆಯುವವರು ಈ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಯಂತ್ರ ಹೇಳುವುದು ಯಾರು ಬಂದಿದ್ದರು ಎಂಬುದನ್ನು ಮಾತ್ರ. ಬಂದವರ ಚೀಲಕ್ಕೆ ಎಷ್ಟು ಬಿತ್ತೆಂಬುದು ಅದಕ್ಕೆ ತಿಳಿಯದು. ತೂಕದ ಯಂತ್ರವನ್ನು ಇ-ಪಾಸ್ ಯಂತ್ರಕ್ಕೆ, ಅಂದರೆ ಬೆರಳಚ್ಚು ಪಡೆದು ವಿತರಣೆ ದಾಖಲಿಸುವ ಈ ಯಂತ್ರಕ್ಕೆ, ಜೋಡಿಸುವುದನ್ನು ಉತ್ತೇಜಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಿದ್ದಿದ್ದು ಈ ಕಾರಣಕ್ಕೇ.

ಈಗ ನನ್ನನ್ನು ಕೆಡವಿದ ಲೆಕ್ಕ. ಸೂತ್ರ ಎಲ್ಲರಿಗೂ ಗೊತ್ತಿರುವುದೇ: ಆರಂಭಿಕ ಶಿಲ್ಕಿಗೆ ಬಂದ ದಾಸ್ತಾನನ್ನು ಕೂಡಿಸಿ, ವಿತರಣೆಯನ್ನು ಕಳೆದರೆ ಪುಸ್ತಕದ ಶಿಲ್ಕು ಸಿಗುತ್ತದೆ. ಲೆಕ್ಕ ಸರಳವಾಗಲೆಂದು ಅಕ್ಕಿಯನ್ನು ಮಾತ್ರ ತೆಗೆದುಕೊಂಡು, ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ (ಬಿಪಿಎಲ್ ಚೀಟಿ ಇರುವ ಮನೆಯ) ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಎಂದಿಟ್ಟುಕೊಳ್ಳೋಣ. ಒಂದು ಕಲ್ಪಿತ ಅಂಗಡಿಯಲ್ಲಿ ಆರಂಭಿಕ ಶಿಲ್ಕು 400 ಕೆ.ಜಿ., ಸಗಟು ಗೋದಾಮಿನಿಂದ ಬಂದದ್ದು 6,000 ಕೆ.ಜಿ. ತಿಂಗಳ ನಡುವೆ ನಿರೀಕ್ಷಕರು ಹೋದ ಹೊತ್ತಿಗೆ ಯಂತ್ರದ ಪ್ರಕಾರ ವಿತರಣೆಯಾದದ್ದು 2,200 ಕೆ.ಜಿ. ಹಾಗಾದರೆ ಉಳಿಯಬೇಕಾದದ್ದು 4,200 ಕೆ.ಜಿ.; ತೂಗಿದಾಗ ಸಿಕ್ಕದ್ದು 4,310 ಕೆ.ಜಿ. ಹೆಚ್ಚಿರುವ 110 ಕೆ.ಜಿ. ಎಲ್ಲಿಂದ ಬಂತು?

ಅಕ್ಕಿ ತಾನಾಗಿ ಹೆಚ್ಚುವುದಿಲ್ಲ. ಗೋದಾಮಿನಿಂದ ಬಂದದ್ದು 6,000 ಕೆ.ಜಿ.ಯೇ ಆಗಿದ್ದರೆ, 'ಕೊಟ್ಟಿದ್ದೇನೆ' ಎಂದು ಯಂತ್ರ ಹೇಳುವ 2,200 ಕೆ.ಜಿ.ಯಲ್ಲಿ 110 ಕೆ.ಜಿ. ಅಂಗಡಿಯಿಂದ ಹೊರಗೆ ಹೋಗಿಯೇ ಇಲ್ಲ. ಭಾಗಿಸಿ ನೋಡಿದರೆ ಅದು ಸರಿಯಾಗಿ ನೂರಕ್ಕೆ 5: ಪ್ರತಿ 5 ಕೆ.ಜಿ.ಗೆ 250 ಗ್ರಾಂ ಕಡಿತ, ನಾಲ್ವರಿರುವ ಮನೆಗೆ 20ರ ಬದಲು 19 ಕೆ.ಜಿ. ಒಂದು ಮನೆಯವರಿಗೆ ಗಮನಕ್ಕೂ ಬಾರದ ಈ ಕಡಿತ ಅಂಗಡಿಯ ಮೂಲೆಯಲ್ಲಿ ಎರಡು ಚೀಲಕ್ಕಿಂತ ಹೆಚ್ಚಿನ ಗಂಟಾಗಿ ಕೂತಿರುತ್ತದೆ. ಹೆಚ್ಚುವರಿ ದಾಸ್ತಾನು ಎಂದರೆ ಕದ್ದು ಇನ್ನೂ ಮಾರದೆ ಇಟ್ಟಿರುವ ಮಾಲು ಆಗಿರಬಹುದು. ನಾನು 'ನಷ್ಟವಿಲ್ಲ' ಎಂದು ಬರೆದಾಗ ನೋಡಿದ್ದು ಸರ್ಕಾರದ ಗೋದಾಮನ್ನು. ನೋಡಬೇಕಾಗಿದ್ದದ್ದು ಚೀಟಿದಾರರ ಚೀಲವನ್ನು.

ಇದರಿಂದ ನನಗೆ ಸಿಕ್ಕ ಒಂದು ಕಿರುದಾರಿ: ತಿಂಗಳ ನಡುವೆ ಹೆಚ್ಚು, ತಿಂಗಳ ಕೊನೆಗೆ ಸರಿ. ತಿಂಗಳ ಕೊನೆಗೆ 6,000 ಕೆ.ಜಿ. ವಿತರಣೆ ದಾಖಲಾಗಿ, ಅದೇ ಪ್ರಮಾಣದಲ್ಲಿ ಉಳಿಸಿಕೊಂಡ 300 ಕೆ.ಜಿ. ಒಂದು ರಾತ್ರಿ ವಾಹನ ಹತ್ತಿ ಹೋಗಿರುತ್ತದೆ; ಪುಸ್ತಕದಲ್ಲೂ 400, ನೆಲದ ಮೇಲೂ 400. ಲೆಕ್ಕ ತಾಳೆಯಾದ ದಿನವೇ ಮೋಸ ಪೂರ್ತಿಯಾದ ದಿನ. ಆದ್ದರಿಂದ ಯಾವ ದಿನ ಹೋಗುತ್ತೇವೆ ಎಂಬುದು ತಪಾಸಣೆಯ ಅರ್ಧ ಕೆಲಸ. ಕೊನೆಯ ವಾರದಲ್ಲಿ, ಅದೂ ಮೊದಲೇ ಹೇಳಿ ಹೋಗುವ ತಪಾಸಣೆಯಲ್ಲಿ ಸಿಗುವುದು ಅಚ್ಚುಕಟ್ಟಾದ ಪುಸ್ತಕ ಮಾತ್ರ.

ಇಷ್ಟಕ್ಕೇ ಮೋಸವೆಂದು ಷರಾ ಬರೆದರೆ ಅದೂ ತಪ್ಪು. ಎರಡು ವಿಷಯಗಳನ್ನು ಮೊದಲು ತಳ್ಳಿಹಾಕಬೇಕು. ಒಂದನೆಯದು ಗೋಣಿಚೀಲ. 50 ಕೆ.ಜಿ. ತುಂಬುವ ಖಾಲಿ ಸೆಣಬಿನ ಚೀಲ ಸುಮಾರು 580 ಗ್ರಾಂ ತೂಗುತ್ತದೆ. ನಮ್ಮ ಲೆಕ್ಕದ 4,310 ಕೆ.ಜಿ. ಎಂದರೆ ಸುಮಾರು 86 ಚೀಲ; ಖಾಲಿ ಚೀಲಗಳ ತೂಕವೇ ಸುಮಾರು 50 ಕೆ.ಜಿ. ಆಯಿತು. ಅಂದರೆ ಚೀಲ ಸಮೇತ ತೂಗಿದವರಿಗೆ 4,360 ಸಿಗುತ್ತದೆ, ಅದನ್ನು ಹಾಗೆಯೇ ಬರೆದರೆ 110ರ ಬದಲು 160 ಕೆ.ಜಿ. ಹೆಚ್ಚು ಎಂದಾಗುತ್ತದೆ, ಅಂಗಡಿಯವರ ವಕೀಲರು ಆ ಒಂದು ತಪ್ಪನ್ನು ಹಿಡಿದು ಇಡೀ ವರದಿಯನ್ನೇ ಅಲ್ಲಾಡಿಸುತ್ತಾರೆ. ಇದೇ ಚೀಲ ಅಂಗಡಿಯವರ ಪರವಾಗಿಯೂ ಸಾಕ್ಷಿ ಹೇಳಬಲ್ಲದು: ಗೋದಾಮಿನಲ್ಲಿ ಚೀಲ ಸಮೇತ 50 ಕೆ.ಜಿ. ತೂಗಿ ಕಳಿಸಿದ್ದರೆ 120 ಚೀಲಕ್ಕೆ ಸುಮಾರು 70 ಕೆ.ಜಿ. ಅಕ್ಕಿ ಅಂಗಡಿಗೆ ಬಂದೇ ಇರುವುದಿಲ್ಲ. ಆ ಕೊರತೆಯನ್ನು ಚೀಟಿದಾರರ ತಲೆಗೆ ಕಟ್ಟುವುದು ಅಪರಾಧವೇ, ಆದರೆ ಸೋರಿಕೆ ಮೇಲಿನಿಂದಲೇ ಶುರುವಾಗಿದೆ ಎಂಬುದನ್ನು ತನಿಖೆ ಬಿಡಬಾರದು. ಅಂಗಡಿ ಬಾಗಿಲಿಗೇ ಧಾನ್ಯ ತಲುಪಿಸಬೇಕೆಂಬ ಅಂಶ 2013ರ ಆಹಾರ ಭದ್ರತಾ ಕಾಯ್ದೆಯ 12ನೇ ಪ್ರಕರಣದ ಸುಧಾರಣೆಗಳಲ್ಲಿ ಮೊದಲಿಗಿರುವುದನ್ನು ಈ ಬೆಳಕಿನಲ್ಲಿ ಓದಿದರೆ ಅರ್ಥವಾಗುತ್ತದೆ.

ಎರಡನೆಯದು, ಬೆರಳಚ್ಚು ಒಂದು ದಿನ, ಅಕ್ಕಿ ಇನ್ನೊಂದು ದಿನ ಎಂಬ ರೂಢಿ. ಸರ್ವರ್ ಸಿಕ್ಕ ದಿನ ಸಾಲಾಗಿ ಎಲ್ಲರ 'ತಂಬ್' ತೆಗೆದುಕೊಂಡು, ಟೋಕನ್ ಬರೆದುಕೊಟ್ಟು, ಅಕ್ಕಿಯನ್ನು ನಾಳೆ ಬಂದು ಒಯ್ಯಿರಿ ಎನ್ನುವ ಅಂಗಡಿಗಳಿವೆ. ಆಗ 110 ಕೆ.ಜಿ. ಹೆಚ್ಚಿರುವುದು ಐದಾರು ಮನೆಯವರು ಇನ್ನೂ ಒಯ್ಯದ ಪಾಲಾಗಿರಬಹುದು. ಅದು ಕ್ರಮಬದ್ಧವಲ್ಲ, ಮುಂದೆ ಮೋಸಕ್ಕೆ ದಾರಿಯೂ ಹೌದು, ಆದರೂ ಕಡಿತ ಮತ್ತು ಬಾಕಿ ಎರಡೂ ಒಂದೇ ಅಲ್ಲ. ಎರಡನ್ನೂ ಬೇರ್ಪಡಿಸುವ ಉಪಾಯ ಸರಳವಾಗಿದೆ. ಬಾಕಿಯಾಗಿದ್ದರೆ ಕೆಲವೇ ಮನೆಗಳಿಗೆ ಪೂರ್ತಿ ಪಾಲು ಸಿಕ್ಕಿರುವುದಿಲ್ಲ, ಉಳಿದವರಿಗೆ ಸರಿಯಾಗಿ ಸಿಕ್ಕಿರುತ್ತದೆ. ಕಡಿತವಾಗಿದ್ದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆಯಾಗಿರುತ್ತದೆ. ಅಕ್ಕಿ ಒಯ್ಯುತ್ತಿರುವ ಹತ್ತು ಜನರನ್ನು ಅಂಗಡಿಯಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಮುದ್ರೆ ಹಾಕಿಸಿದ ಬೇರೊಂದು ತಕ್ಕಡಿಯಲ್ಲಿ ತೂಗಿ, ಅವರ ರಸೀದಿಯ ಜೊತೆ ತಾಳೆ ನೋಡಿದರೆ ಗುಟ್ಟು ಹೊರಬೀಳುತ್ತದೆ.

ಕ್ರಮದ ಬಗ್ಗೆ ಚಿಕ್ಕದಾಗಿ. ಮೊದಲು ವಿತರಣೆ ನಿಲ್ಲಿಸಿ ಯಂತ್ರದ ವರದಿ ತೆಗೆದು ಅಂಗಡಿಯವರ ಸಹಿ ಪಡೆಯಬೇಕು, ಆಮೇಲೆ ತೂಕ. ಹಿಂದುಮುಂದಾದರೆ ನಡುವೆ ದಾಖಲಾದ ವಿತರಣೆ ಲೆಕ್ಕವನ್ನು ಕೆಡಿಸುತ್ತದೆ. ಪಂಚರ ಸಮ್ಮುಖದಲ್ಲಿ ಮಹಜರು, ಚೀಟಿದಾರರ ಹೇಳಿಕೆ, ನಂತರ ಕಾರಣ ಕೇಳುವ ನೋಟಿಸ್. ಧಾನ್ಯವನ್ನು ವಶಪಡಿಸಿಕೊಂಡರೆ 1955ರ ಅಗತ್ಯ ವಸ್ತುಗಳ ಕಾಯ್ದೆಯ 6ಎ ಪ್ರಕರಣದಂತೆ ಮುಟ್ಟುಗೋಲಿನ ಅಧಿಕಾರ ಜಿಲ್ಲಾಧಿಕಾರಿಗಳದ್ದು, ಆದರೆ 6ಬಿ ಹೇಳುವಂತೆ ಲಿಖಿತ ನೋಟಿಸ್ ಕೊಟ್ಟು ಅಹವಾಲು ಕೇಳದೆ ಮುಟ್ಟುಗೋಲು ಮಾಡುವಂತಿಲ್ಲ.

ಅರ್ಹತೆಯ ಮೋಸಕ್ಕೆ ಈ ತಕ್ಕಡಿ ಕೆಲಸಕ್ಕೆ ಬಾರದು. ಅಲ್ಲಿ ದತ್ತಾಂಶಗಳನ್ನು ಹೊಂದಿಸಿ ನೋಡುತ್ತಾರೆ, ಎಡವಟ್ಟಾಗುವುದೂ ಅಲ್ಲಿಯೇ. ಕರ್ನಾಟಕದಲ್ಲಿ 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳು ರದ್ದಾಗಿ ಗದ್ದಲವೆದ್ದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿ ಕೊಡುವುದಾಗಿ ಸರ್ಕಾರವೇ ಹೇಳಬೇಕಾಯಿತು. ತೆರಿಗೆ ಕಟ್ಟುವವರು ಬೇರೆ, ಸಾಲಕ್ಕಾಗಿ ರಿಟರ್ನ್ಸ್ ಮಾತ್ರ ಸಲ್ಲಿಸಿದವರು ಬೇರೆ. ಪ್ಯಾನ್ ಸಂಖ್ಯೆ ನೋಡುವ ಗಣಕಯಂತ್ರಕ್ಕೆ ಆ ವ್ಯತ್ಯಾಸವನ್ನು ಹೇಳಿಕೊಟ್ಟಿರಬೇಕು. ಹೊಂದಾಣಿಕೆಯಲ್ಲಿ ಸಿಕ್ಕ ಹೆಸರು ತನಿಖೆಯ ಆರಂಭವೇ ಹೊರತು ತೀರ್ಪಲ್ಲ, ಮನೆಗೆ ಹೋಗಿ ನೋಡಿ, ನೋಟಿಸ್ ಕೊಟ್ಟು, ಉತ್ತರ ಪಡೆದ ಮೇಲೆಯೇ ರದ್ದತಿ. ಅಭ್ಯಾಸಕ್ಕೆ ಮೇಲಿನ ಅಂಗಡಿಯನ್ನೇ ಇಟ್ಟುಕೊಂಡು, ಗೋದಾಮಿನಿಂದಲೇ 70 ಕೆ.ಜಿ. ಕಡಿಮೆ ಬಂದಿದ್ದರೂ 110 ಕೆ.ಜಿ. ಹೆಚ್ಚು ಸಿಕ್ಕಿದ್ದರೆ ನಿಜವಾದ ಕಡಿತ ಎಷ್ಟೆಂದು ಲೆಕ್ಕ ಹಾಕಿ ನೋಡಿ. ನನಗೆ 180 ಕೆ.ಜಿ. ಬಂತು, ಕೂಡಬೇಕೋ ಕಳೆಯಬೇಕೋ ಎಂದು ತೀರ್ಮಾನಿಸಲು ಹತ್ತು ನಿಮಿಷ ಹಿಡಿಯಿತು.