ಹಿಸ್ಟಮಿನ್ ಪಥ್ಯದವರು ಪಾಪಾಸುಕಳ್ಳಿ ತಿನ್ನಬಹುದಾ?

ಪ್ರಶ್ನೆ: ಒಣಮೀನು ತಿಂದ ರಾತ್ರಿಯೆಲ್ಲ ಮೈಮೇಲೆ ಗಂದೆ ಏಳುತ್ತದೆ. ಹಿಸ್ಟಮಿನ್ ಕಡಿಮೆ ಇರುವ ಊಟ ಮಾಡಿ ಅಂದಿದ್ದಾರೆ ಡಾಕ್ಟರ್. ಮೆಕ್ಸಿಕೋದಲ್ಲಿ ಪಾಪಾಸುಕಳ್ಳಿಯ ಪಲ್ಯ ಮಾಡ್ತಾರಂತೆ. ನಾನೂ ತಿನ್ನಬಹುದಾ? (ಕುಶಾಲನಗರದಿಂದ)

ತಿನ್ನಬಹುದು. ಆದರೆ ಅದರ ಚಪ್ಪಟೆ ಕಾಂಡದ ಎಳೆಯ ಹೋಳಾಗಿರಬೇಕು, ಕೊಯ್ದ ದಿನವೇ ಬೇಯಿಸಬೇಕು.

ಹಿಸ್ಟಮಿನ್ ಅಂದರೆ ಗಂದೆ, ತುರಿಕೆ ಎಬ್ಬಿಸುವ ರಾಸಾಯನಿಕ. ಪ್ರೋಟೀನಿನಲ್ಲಿರುವ ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲವನ್ನು ಬ್ಯಾಕ್ಟೀರಿಯಾ ಒಡೆದಾಗ ಹಿಸ್ಟಮಿನ್ ಆಗುತ್ತದೆ. ಮೀನಿನಲ್ಲಿ ಹಿಸ್ಟಿಡಿನ್ ಜಾಸ್ತಿ. ಅದು ಒಣಗುವಷ್ಟರಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಿರುತ್ತದೆ. ಒಮ್ಮೆ ಆದ ಹಿಸ್ಟಮಿನ್ ಎಷ್ಟು ಕುದಿಸಿದರೂ ಹೋಗಲ್ಲ. ಕಳ್ಳಿಯ 100 ಗ್ರಾಂನಲ್ಲಿ 90 ಗ್ರಾಂಗೂ ಜಾಸ್ತಿ ನೀರೇ, ಪ್ರೋಟೀನ್ 1 ಗ್ರಾಂ ಆಸುಪಾಸು. ಬ್ಯಾಕ್ಟೀರಿಯಾಕ್ಕೆ ಅಲ್ಲಿ ಹೆಚ್ಚೇನೂ ಕೆಲಸವಿಲ್ಲ. ವಿನೆಗರ್ ಹಾಕಿದ ಬಾಟಲಿ ಕಳ್ಳಿ ಮಾತ್ರ ಬೇಡ. ರುಚಿಗೆ ಅಂತ ಕೊಡಗಿನ ಹಣ್ಣಿನ ಹುಳಿ ಕಾಚಂಪುಳಿಯನ್ನೂ ಸದ್ಯಕ್ಕೆ ಸುರಿಯಬೇಡಿ.

ನನಗೆ ಹಿಸ್ಟಮಿನ್‌ಗಿಂತ ಜಾಸ್ತಿ ಭಯ ಬೇಲಿಯದು. ನಾವು ಕಳ್ಳಿ ಅನ್ನೋದೆಲ್ಲ ಒಂದೇ ಗಿಡವಲ್ಲ, ಅಲ್ವಾ? ಮುರಿದಾಗ ಬಿಳಿ ಹಾಲು ಬಂದರೆ ಅದು ಬೇರೆಯೇ ಜಾತಿ. ಆ ಹಾಲು ವಿಷ, ಕಣ್ಣಿಗೆ ಬಿದ್ದರಂತೂ ಆಸ್ಪತ್ರೆಗೇ ಓಡಬೇಕು. ಪಾಪಾಸುಕಳ್ಳಿ ಕೊಯ್ದರೆ ಬೆಂಡೆಕಾಯಿಯಂಥ ಲೋಳೆ ಬರುತ್ತದೆ. ತಿನ್ನುವ ತಳಿಯ ಒಂದು ಹೋಳು ತಂದು ನೆಟ್ಟುಬಿಡಿ, ಬೇರು ಬಿಡುತ್ತದೆ. ಮಡಿಕೇರಿಯ ಮಳೆಗೆ ಕೊಳೆತೀತು, ನಿಮ್ಮ ಕಡೆ ಪರವಾಗಿಲ್ಲ.

ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತದೆ. ಅದರ ಬುಡದ ಹಳದಿ ಕೂದಲಿನಂಥ ಮುಳ್ಳು ಕಾಣುವುದಿಲ್ಲ. ಅದನ್ನು ಬರಿಗೈಲಿ ಮುಟ್ಟಿ ಎರಡು ದಿನ ಚಿಮಟ ಹಿಡಿದು ಕೂತಿದ್ದೆ ನಾನು! ಕೈಗವಸು ಹಾಕಿ, ಚಾಕುವಿನಿಂದ ಚೆನ್ನಾಗಿ ಹೆರೆಯಿರಿ. ಮಧ್ಯಾಹ್ನದ ಮೇಲೆ ಕೊಯ್ಯಿರಿ. ಈ ಗಿಡ ರಾತ್ರಿ ಹುಳಿ ಕೂಡಿಟ್ಟು ಹಗಲು ಖರ್ಚು ಮಾಡುತ್ತದೆ, ಬೆಳಿಗ್ಗೆಯದು ಹುಳಿ ಜಾಸ್ತಿ. ಹೆಚ್ಚಿ, ಕುದಿಸಿ, ನೀರು ಬಸಿದು ಚೆಲ್ಲಿ.

ಕಕ್ಕಡ ತಿಂಗಳ ಮಳೆಯಲ್ಲಿ ಸರಿಯಾಗಿ ಬೇಯದ ಕೆಂಬು (ಕೆಸು) ಕರಿ ತಿಂದು ಗಂಟಲು ಕೆರೆದುಕೊಂಡವರಿಗೆ ಗೊತ್ತು, ತುರಿಕೆಯೆಲ್ಲ ಹಿಸ್ಟಮಿನ್‌ದಲ್ಲ. ಅಲ್ಲಿ ಚುಚ್ಚುವುದು ಕಿಡ್ನಿ ಕಲ್ಲಿಗೂ ಕಾರಣವಾಗುವ ಆಕ್ಸಲೇಟ್‌ನ ಸೂಜಿಯಂಥ ಹರಳು. ಪಾಪಾಸುಕಳ್ಳಿಯಲ್ಲೂ ಆಕ್ಸಲೇಟ್ ಧಾರಾಳ. ಕಿಡ್ನಿಯಲ್ಲಿ ಕಲ್ಲಾದವರು ಇದರ ಆಸೆ ಬಿಡುವುದೇ ವಾಸಿ. ಇದು ಊಟದ ನಂತರದ ಸಕ್ಕರೆಯನ್ನೂ ಇಳಿಸಬಲ್ಲದು. ಶುಗರ್ ಮಾತ್ರೆ ತಗೊಳ್ಳೋರು ಮೊದಲು ಡಾಕ್ಟರನ್ನು ಕೇಳಿ.

ಮೊದಲ ದಿನ ಎರಡು ಚಮಚ, ಬಿಸಿ ಅಕ್ಕಿರೊಟ್ಟಿ ಜೊತೆ. ಆವತ್ತು ಬೇರೆ ಹೊಸ ಪದಾರ್ಥ ಬೇಡ. ಗಂದೆ ಎದ್ದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ.